ಐಟಿ ಸಚಿವರಿಗೆ: ವಿಂಡೋಸ್ ಪೋರ್ಟಿಗೂ ಸ್ವಲ್ಪ ದುಡ್ಡಿಡಿ ಸಾರ್

ಮಾನ್ಯ ಮಾಹಿತಿ ತಂತ್ರಜ್ಞಾನ ಸಚಿವರೇ,

ಸರ್ಕಾರದ ದುಡ್ಡಲ್ಲಿ ಮಾಡ್ಸೋ ಫ್ರೀ ಸಾಫ್ಟ್‌ವೇರ್ (ಯಾರು ಬೇಕಾದ್ರೂ ಬಳಸಿ, ತಿದ್ದಿ, ಹಂಚ್ಬೋದಾದ್ದು) ಲಿನಕ್ಸ್ ಅನ್ನೋ ಫ್ರೀ ಆಪರೇಟಿಂಗ್ ಸಿಸ್ಟಮ್ಮಿಗೆ ಮಾತ್ರ ಸಿಗ್ಲಿ, ವಿಂಡೋಸಿಗೂ ಮ್ಯಾಕಿಗೂ ಪೋರ್ಟ್ ಮಾಡ್ಕೊಟ್ರೆ, ಅಂದ್ರೆ ಅಲ್ಲೂ ಓಡೋ ಹಾಗೆ ಮಾಡ್ಕೊಟ್ರೆ, ಜನ ಅಲ್ಲೇ ಕೂತ್ಬಿಡ್ತಾರೆ ಅಂತ ನಿಮಗೆ ಹೇಳೋರು ಇದಾರೆ. ಅವರು ನನ್ನ ಸ್ನೇಹಿತರೇ. ಹತ್ತು ವರ್ಷದ ಹಿಂದೆ ನಾನೂ ಇದನ್ನೇ ಹೇಳ್ಕೊಂಡು ಓಡಾಡ್ತಿದ್ದೆ.

ಈಗ ಹೇಳಲ್ಲ, ಯಾಕಂದ್ರೆ ನಮ್ಮ ಆಫೀಸಲ್ಲೇ ನೋಡಿದೀನಿ. ಅಕೌಂಟ್ಸ್ ನೋಡ್ಕೊಳ್ಳೋ ಮೇಡಂ ಒಬ್ರಿಗೆ ವಿಂಡೋಸಲ್ಲೇ ಲಿಬ್ರೆಆಫೀಸ್ (ಎಂಎಸ್ ಆಫೀಸ್ ಥರದ್ದೇ, ಫ್ರೀ), ಫೈರ್‌ಫಾಕ್ಸ್ ಬ್ರೌಸರ್ ಹಾಕ್ಕೊಟ್ಟೆ, ಮೊದಲನೇ ವಾರ ಬೈದಿದ್ದೇ ಬೈದಿದ್ದು, ಆಮೇಲೆ ಅಭ್ಯಾಸ ಆಗೋಯ್ತು. 2025ರ ಅಕ್ಟೋಬರಲ್ಲಿ ವಿಂಡೋಸ್ 10ಕ್ಕೆ ಸಪೋರ್ಟ್ ನಿಲ್ತು, ಅವರ ಹಳೇ ಪಿಸಿಲಿ ವಿಂಡೋಸ್ 11 ಕೇಳೋ ಟಿಪಿಎಂ ಅನ್ನೋ ಸೆಕ್ಯೂರಿಟಿ ಚಿಪ್ ಇಲ್ಲ, 11 ಕೂರಲ್ಲ, ಸರಿ ಅಂತ ಒಂದು ಶನಿವಾರ ಲಿನಕ್ಸ್ ಹಾಕಿಟ್ಟೆ. ಸೋಮವಾರ ಬಂದವ್ರೇ ಅದೇ ಶೀಟ್ ತೆಗ್ದು ಕೆಲಸ ಶುರು ಮಾಡಿದ್ರು. ಕೇಳಿದ್ದು ಒಂದೇ, "ಪ್ರಿಂಟರ್ ಎಲ್ಲಿ ಹೋಯ್ತು?" (ಪ್ರಿಂಟರ್ ಕಥೆಗೆ ಬೇರೆ ಪತ್ರನೇ ಬೇಕು, ಬಿಡಿ.)

ಫ್ರಾನ್ಸಿನ ಜಾಂಡಾರ್ಮರಿ ಪೊಲೀಸರೂ ಹಿಂಗೇ ಮಾಡಿದ್ದು. 2005ರಲ್ಲಿ ಓಪನ್‌ಆಫೀಸ್ (ಲಿಬ್ರೆಆಫೀಸ್ ಹುಟ್ಟಿದ್ದು ಇದರಿಂದಲೇ), ಆಮೇಲೆ ಫೈರ್‌ಫಾಕ್ಸ್, ಈಮೇಲಿಗೆ ಥಂಡರ್‌ಬರ್ಡ್, ಎಲ್ಲಾ ವಿಂಡೋಸ್ ಮೇಲೇ. 2008ರಿಂದ ಉಬುಂಟು ಅನ್ನೋ ಲಿನಕ್ಸ್. ಅಷ್ಟ್ಯಾಕೆ, ಫ್ರೀ ಸಾಫ್ಟ್‌ವೇರ್ ಚಳವಳಿ ಹುಟ್ಟುಹಾಕಿದ ರಿಚರ್ಡ್ ಸ್ಟಾಲ್‌ಮನ್ 1984ರಲ್ಲಿ ಗ್ನೂ ಅನ್ನೋ ಫ್ರೀ ಆಪರೇಟಿಂಗ್ ಸಿಸ್ಟಮ್ ಕೆಲಸ ಶುರು ಮಾಡಿದಾಗ ಲಿನಕ್ಸೇ ಹುಟ್ಟಿರ್ಲಿಲ್ಲ, ಅವರ ಈಮ್ಯಾಕ್ಸ್ ಎಡಿಟರ್, ಜಿಸಿಸಿ ಕಂಪೈಲರ್ ಎಲ್ಲಾ ಮೊದಲು ಓಡ್ತಿದ್ದಿದ್ದು ಕಂಪನಿಗಳು ಮಾರ್ತಿದ್ದ ಯುನಿಕ್ಸ್ ಆಪರೇಟಿಂಗ್ ಸಿಸ್ಟಮ್ ಮೇಲೇ.

ಆದ್ರೆ ಸ್ನೇಹಿತರ ಒಂದು ಮಾತು ಮಾತ್ರ ಸುಳ್ಳಲ್ಲ, ಪೋರ್ಟ್ ಅನ್ನೋದು ಪುಕ್ಕಟೆ ಬರಲ್ಲ. ಯಾರು ಮಾಡಿದ್ದು ಅನ್ನೋ ಡಿಜಿಟಲ್ ಸಹಿ ಇಲ್ಲದ ಇನ್‌ಸ್ಟಾಲರ್ ಆದ್ರೆ ವಿಂಡೋಸ್ ಜನರನ್ನ ಹೆದ್ರಿಸತ್ತೆ, ಆ ಸಹಿಯ ಸರ್ಟಿಫಿಕೇಟಿಗೆ ದುಡ್ಡು, ಆಪಲ್‌ಗೆ ಡೆವಲಪರ್ ಫೀಸು ವರ್ಷಾ ವರ್ಷ 99 ಡಾಲರ್, ಟೆಸ್ಟ್ ಮಾಡೋಕೆ ಮ್ಯಾಕೇ ಬೇಕು. ಇಷ್ಟೆಲ್ಲಾ ಮಾಡಿದ್ರೂ ಲೈಸೆನ್ಸ್ ಅಡ್ಡ ಬರಬಹುದು, ಆಪಲ್ ಸ್ಟೋರ್ ನಿಯಮಕ್ಕೂ ಜಿಪಿಎಲ್ ಅನ್ನೋ ಫ್ರೀ ಸಾಫ್ಟ್‌ವೇರ್ ಲೈಸೆನ್ಸಿಗೂ ಆಗಿಬರಲ್ಲ ಅಂತ ವಿಎಲ್‌ಸಿ ವಿಡಿಯೋ ಪ್ಲೇಯರಿನ ಡೆವಲಪರ್ ಒಬ್ರೇ ದೂರು ಕೊಟ್ಟು 2011ರಲ್ಲಿ ಅದು ಐಫೋನ್ ಆಪ್ ಸ್ಟೋರಿಂದ ಹೊರಗೆ ಬಂತು. ಮನೇಲಿ ವಿಂಡೋಸೇ ಇಲ್ಲದ ವಾಲಂಟಿಯರ್‌ಗೆ ರಾತ್ರಿ ಕೂತು ವಿಂಡೋಸ್ ಬಗ್ ಸರಿಮಾಡಪ್ಪಾ ಅನ್ನೋಕೆ ನಮಗ್ಯಾವ ಹಕ್ಕಿದೆ ಹೇಳಿ.

ಅದಕ್ಕೇ ಸಾರ್, ಮುಂದಿನ ಟೆಂಡರಲ್ಲಿ ಪೋರ್ಟ್ ಮಾಡೋರಿಗೆ ಸಂಬಳ ಅಂತ ಬೇರೆ ಸಾಲೇ ಇರ್ಲಿ. ವಿಂಡೋಸಿಗೆ ಬಂದ ದಿನವೇ ಲಿನಕ್ಸಿಗೂ ಬರ್ಬೇಕು, "ಆಮೇಲೆ ಕೊಡ್ತೀವಿ" ಅಂದ್ರೆ ಬಿಲ್ ಪಾಸ್ ಮಾಡ್ಬೇಡಿ. ಫೈಲು ಓಡಿಎಫ್ ಅನ್ನೋ ಎಲ್ಲರಿಗೂ ಮುಕ್ತವಾದ ಫಾರ್ಮ್ಯಾಟಲ್ಲಿ ಸೇವ್ ಆಗ್ಲಿ. ಪ್ರಿಂಟರ್ ಬಗ್ಗೆ ಮುಂದಿನ ತಿಂಗಳು ಬರೀತೀನಿ.

ಇಂತಿ,
ಮೇಡಂ ಹತ್ರ ಈಗ್ಲೂ ಬೈಸ್ಕೊಳ್ಳೋ ಸಿಸ್ಟಮ್ ಅಡ್ಮಿನ್