ಅಪ್ಪಯ್ಯ ಶಾಂತವಾಗಿದ್ದಾರೆ ಎಂದು ಬರೆದಿದ್ದೀಯಲ್ಲ

ಶಿವಮೊಗ್ಗ
ಆರಿದ್ರಾ ಮಳೆ ಹಿಡಿದ ಮೂರನೇ ದಿನ

ಚಿ. ಸೌ. ಪುಟ್ಟಿಗೆ ಅತ್ತೆಯ ಆಶೀರ್ವಾದಗಳು.

ನಿನ್ನ ಕಾಗದ ನಿನ್ನೆ ಮಧ್ಯಾಹ್ನ ಬಂತು. ತೋಟದ್ದು, ಕೊಟ್ಟಿಗೆಯದ್ದು, ಮಗುವಿನ ಶಾಲೆಯದ್ದು ಎಲ್ಲಾ ಓದಿದೆ, ಅದಕ್ಕೆಲ್ಲ ಇನ್ನೊಮ್ಮೆ ಬರೆಯುತ್ತೇನೆ. ಎರಡನೇ ಪುಟದ ಕೊನೆಯಲ್ಲಿ ಬರೆದಿದ್ದೀಯಲ್ಲ, "ಮಾತ್ರೆ ಮೂರಕ್ಕೆ ಏರಿಸಿದ ಮೇಲೆ ಅಪ್ಪಯ್ಯ ಎಷ್ಟೋ ಶಾಂತ. ಜಗಲಿಯಲ್ಲಿ ಕೂತರೆ ಕೂತೇ ಇರ್ತಾರೆ. ಊಟಕ್ಕೆ ಕರೆದರೂ ಏಳಲ್ಲ, ಎಲೆ ಅಡಿಕೆಯ ಕವಳ ಕೂಡ ಕೇಳಲ್ಲ. ಇದು ಸರೀನಾ ಅತ್ತೆ?" ಅಂತ. ಅದನ್ನು ಓದಿದಾಗಿನಿಂದ ನನಗೆ ಬೇರೆ ಯಾವುದರ ಮೇಲೂ ಮನಸ್ಸಿಲ್ಲ.

ಕೈಕಾಲು ತಾನಾಗಿಯೇ ಅಲುಗುವ ಈ ಹಂಟಿಂಗ್ಟನ್ ಕಾಯಿಲೆಯ ವಿಷಯ ನಿನಗೆ ಹೇಳಬೇಕಾಗಿಲ್ಲ, ಅಜ್ಜಿಯ ಕಾಲದಿಂದ ಮನೆಯಲ್ಲಿ ಎಲ್ಲರೂ ಕಂಡದ್ದೇ. ಮಾತ್ರೆಯ ವಿಷಯ ಮಾತ್ರ ಹೇಳುತ್ತೇನೆ. ಅಣ್ಣ ಕವಳ ಕೇಳುವುದನ್ನು ಬಿಟ್ಟಿದ್ದಾನೆ ಅಂದರೆ ಅದು ಶಾಂತಿ ಇರಲಿಕ್ಕಿಲ್ಲ ಪುಟ್ಟಿ. ಅಲುಗಾಟ ಇಳಿಸಲು ಅವನಿಗೆ ಕೊಡುತ್ತಿರುವ ಟೆಟ್ರಾಬೆನಜಿನ್ ಮಾತ್ರೆ ಕೆಲವರಲ್ಲಿ ಕೈಕಾಲಿನ ಅಲುಗಾಟದ ಜೊತೆಗೇ ಮನಸ್ಸನ್ನೂ ಕುಗ್ಗಿಸಿಬಿಡುತ್ತದೆ. ಇದು ಎಲ್ಲೋ ಒಬ್ಬರಿಗೆ ಆಗುವ ಅಪರೂಪದ ತೊಂದರೆ ಅಂತ ತಿಳಿಯಬೇಡ. ಅಮೆರಿಕದಲ್ಲಿ ಹಂಟಿಂಗ್ಟನ್ ಕಾಯಿಲೆಯ ಅಲುಗಾಟಕ್ಕೆ ಇದಕ್ಕೆ ಒಪ್ಪಿಗೆ ಸಿಕ್ಕಿದ್ದು 2008ರಲ್ಲಿ. ಆಗಲೇ ಖಿನ್ನತೆ ಮತ್ತು ಆತ್ಮಹತ್ಯೆಯ ಯೋಚನೆಯ ಬಗ್ಗೆ ಮಾಹಿತಿ ಹಾಳೆಯ ನೆತ್ತಿಯ ಮೇಲೇ ಚೌಕಟ್ಟು ಕಟ್ಟಿ ಎಚ್ಚರಿಕೆ ಹಾಕಿದ್ದರು.

ಯಾಕೆ ಹೀಗಾಗುತ್ತದೆ ಅಂದರೆ, ನರಕೋಶದೊಳಗೆ ಡೋಪಮೈನ್ ಅನ್ನುವ, ನರಗಳ ನಡುವೆ ಸುದ್ದಿ ಒಯ್ಯುವ ರಾಸಾಯನಿಕವನ್ನು ಸಣ್ಣ ಸಣ್ಣ ಚೀಲಗಳಿಗೆ ತುಂಬಿಡುವ ಒಂದು ಪ್ರೋಟೀನು ಇದೆ. ಈ ಮಾತ್ರೆ ಅದನ್ನೇ ತಡೆಯುತ್ತದೆ. ಡೋಪಮೈನ್ ಕಡಿಮೆಯಾದರೆ ಅಲುಗಾಟ ಇಳಿಯುತ್ತದೆ. ಆದರೆ ಸೆರೊಟೋನಿನ್, ನಾರ್‌ಅಡ್ರಿನಲಿನ್ ಅನ್ನುವ ಅಂಥವೇ ಬೇರೆ ರಾಸಾಯನಿಕಗಳನ್ನು ತುಂಬುವುದೂ ಅದೇ ಪ್ರೋಟೀನು. ಗೋಣಿ ತುಂಬುವ ಆಳನ್ನೇ ಮನೆಗೆ ಕಳಿಸಿದರೆ ಅಡಿಕೆಯ ಚೀಲವೂ ಖಾಲಿ, ಮೆಣಸಿನ ಚೀಲವೂ ಖಾಲಿ. ಉತ್ಸಾಹ, ಹಸಿವು, ನಿದ್ದೆ, ಯಾರಾದರೂ ಬಂದರೆ ಆಗುವ ಖುಷಿ ಎಲ್ಲಾ ಆ ಚೀಲಗಳಲ್ಲೇ ಇದ್ದದ್ದು. ಹಂಟಿಂಗ್ಟನ್ ಕಾಯಿಲೆಯೇ ಮನಸ್ಸನ್ನು ಕುಗ್ಗಿಸುತ್ತದೆ ಅನ್ನುವುದೂ ನಿಜ. ಹಾಗಾಗಿ ಕಾಯಿಲೆಯಿಂದ ಎಷ್ಟು, ಮಾತ್ರೆಯಿಂದ ಎಷ್ಟು ಅಂತ ಮನೆಯಲ್ಲಿ ಕೂತು ಹೇಳಲಾಗುವುದಿಲ್ಲ. ತಾರೀಖು ಇದ್ದರೆ ಡಾಕ್ಟರು ಹೇಳಬಹುದು. ಎರಡರಿಂದ ಮೂರಕ್ಕೆ ಏರಿಸಿದ್ದು ಯಾವ ದಿನ, ಕವಳ ಕೇಳುವುದು ನಿಂತದ್ದು ಯಾವ ದಿನ, ಕ್ಯಾಲೆಂಡರಿನಲ್ಲಿ ಗುರುತು ಹಾಕು.

ವಾರ್ಡಿನಲ್ಲಿ ಕೆಲಸ ಮಾಡುತ್ತಿದ್ದಾಗ ನಾನೂ ಎಷ್ಟೋ ಜನರ ಹಾಳೆಯಲ್ಲಿ "ರೋಗಿ ಶಾಂತ" ಅಂತ ಬರೆದವಳೇ. ರಾತ್ರಿ ಪಾಳಿಯಲ್ಲಿ ಗಲಾಟೆ ಇಲ್ಲದ ಮಂಚದ ಬಳಿ ಯಾರೂ ಹೆಚ್ಚು ಹೊತ್ತು ನಿಲ್ಲುತ್ತಿರಲಿಲ್ಲ, ನಾನೂ ನಿಲ್ಲಲಿಲ್ಲ. "ನಿಮಗೆ ಒಳಗೆ ಹೇಗಿದೆ?" ಅಂತ ಕೇಳಬಹುದಿತ್ತು. ಆ ಹಾಳೆಗಳನ್ನು ಈಗ ತಿದ್ದಲಾಗದು. ನಿನ್ನ ಅಪ್ಪಯ್ಯನದ್ದನ್ನು ತಿದ್ದಬಹುದು.

ಅದಕ್ಕೇ, ನೀನು ಮುಂದಿನ ತಿಂಗಳ ತಪಾಸಣೆಯ ತನಕ ಕಾಯುವುದು ಬೇಡ. ಕಾಗದ ಕೈಗೆ ಬಂದ ದಿನವೇ ನ್ಯೂರೋ ಡಾಕ್ಟರಿಗೆ ಫೋನ್ ಮಾಡು. "ಡೋಸು ಏರಿಸಿದ ಮೇಲೆ ಮಾತು ಬಿಟ್ಟಿದ್ದಾರೆ, ಊಟ ಬೇಡ ಅಂತಾರೆ, ಖಿನ್ನತೆ ಇರಬಹುದು ಅನ್ನಿಸುತ್ತಿದೆ" ಅಂತ ಆ ಶಬ್ದವನ್ನೇ ಬಳಸಿ ಹೇಳು. "ಸ್ವಲ್ಪ ಸುಸ್ತು" ಅಂದರೆ ಟಾನಿಕ್ ಬರೆದುಕೊಡುತ್ತಾರೆ. ಡೋಸು ಇಳಿಸುವುದೋ ನಿಲ್ಲಿಸುವುದೋ ಅವರು ಹೇಳಲಿ. ಈ ಮಾತ್ರೆಯನ್ನು ಹಂತಹಂತವಾಗಿಯೇ ಇಳಿಸಬೇಕು ಅಂತೇನಿಲ್ಲ, ಒಮ್ಮೆಗೇ ನಿಲ್ಲಿಸಬಹುದು. ಕೊನೆಯ ಮಾತ್ರೆಯ 12ರಿಂದ 18 ಗಂಟೆಯೊಳಗೆ ಅಲುಗಾಟ ವಾಪಸ್ ಬರಬಹುದು, ಅಷ್ಟೇ. ಹಾಗಂತ ರಾತ್ರಿಯ ಕ್ಲೋನಾಜೆಪಾಮನ್ನೂ ಜೊತೆಗೇ ನಿಲ್ಲಿಸಿಬಿಡಬೇಡ ಮಾರಾಯ್ತಿ. ಅದನ್ನು ಏಕಾಏಕಿ ಬಿಟ್ಟರೆ ಫಿಟ್ಸ್ ಬರುವ ಅಪಾಯವಿದೆ. ಒಂದೇ ಡಬ್ಬಿಯಲ್ಲಿದ್ದರೂ ಎರಡರ ಗುಣ ಬೇರೆ.

ಅಣ್ಣನನ್ನು ನೀನೇ ಕೇಳಬೇಕಾದದ್ದು ಒಂದಿದೆ, ಬರೆಯಲು ಕೈ ಹಿಂಜರಿಯುತ್ತದೆ. "ಅಪ್ಪಯ್ಯಾ, ಬದುಕೋದೇ ಬೇಡ ಅಂತ ಅನ್ನಿಸ್ತಿದೆಯಾ?" ಅಂತ. ಬೇರೆಯವರಿಲ್ಲದಾಗ, ಪಕ್ಕದಲ್ಲಿ ಕೂತು ಕೇಳು. ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಕ್ಕುತ್ತದೆ ಅನ್ನುವುದು ಸುಳ್ಳು. ಹೌದು ಅಂದರೆ, ಅಥವಾ ಉತ್ತರ ಹೇಳದೆ ಮುಖ ತಿರುಗಿಸಿದರೂ, ಅವನನ್ನು ಒಬ್ಬನೇ ಬಿಡಬೇಡ. ಡಾಕ್ಟರು ಸಿಗದಿದ್ದರೆ ಮೆಗ್ಗಾನ್ ಆಸ್ಪತ್ರೆಯ ತುರ್ತು ವಿಭಾಗಕ್ಕೇ ಕರೆತಾ, ಮುಂದಿನ ಮಾತ್ರೆ ಕೊಡಬೇಕೋ ಬೇಡವೋ ಅಲ್ಲೇ ಕೇಳು. ರಾತ್ರಿಯಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಬಹುದು, ಕನ್ನಡದಲ್ಲಿಯೇ ಮಾತಾಡುತ್ತಾರೆ. ಈಗ ಔಷಧ ಹೊಡೆಯುವ ಕಾಲ, ತೋಟದ ಮದ್ದೆಲ್ಲ ಮನೆಯೊಳಗೇ ಇರುತ್ತದೆ. ಹೌದೋ ಅಲ್ಲವೋ ಗೊತ್ತಾಗುವ ಮೊದಲೇ ಅದನ್ನು ಬೀಗ ಹಾಕಿ ಇಡು, ಬೀಗದ ಕೈ ನಿನ್ನ ಹತ್ತಿರ ಇರಲಿ. ಮಾತ್ರೆಯ ಪೂರ್ತಿ ಪಟ್ಟಿಗಳೂ (ಸ್ಟ್ರಿಪ್ಪುಗಳು) ಅಲ್ಲೇ ಇರಲಿ, ಒಂದು ದಿನದ್ದು ಮಾತ್ರ ಹೊರಗೆ.

ಇಷ್ಟು ಹೆದರಿಸಿದ್ದಕ್ಕೆ ಬೇಸರ ಮಾಡಿಕೊಳ್ಳಬೇಡ. ಮಂಕು ಎಲ್ಲಾ ಒಂದೇ ಬಗೆಯದ್ದೂ ಅಲ್ಲ. ಮಾತ್ರೆ ನುಂಗಿ ಒಂದೆರಡು ಗಂಟೆಗೆ ತೂಕಡಿಸಿ, ಮುಂದಿನ ಮಾತ್ರೆಯ ಹೊತ್ತಿಗೆ ಮೊದಲಿನಂತಾದರೆ ಅದು ಮಂಪರು. ಮೊಮ್ಮಗಳ ಮಾತು ಕೇಳಿ ನಗಬೇಕೆನಿಸಿದರೂ ಮುಖ ಅರಳದೆ, ದನಿ ತಗ್ಗಿ, ಹೆಜ್ಜೆ ಗಿಡ್ಡವಾಗಿ, ಎದ್ದೇಳಲು ತಡವಾಗಿ, ಬಾಯಿಯಲ್ಲಿ ಜೊಲ್ಲು ನಿಂತರೆ ಅದು ಪಾರ್ಕಿನ್ಸನ್ ತರಹದ ಬಿಗಿತ. ಡೋಸು ಹೆಚ್ಚಾದದ್ದಕ್ಕೆ ಬರುವಂಥದ್ದು, ಇಳಿಸಿದರೆ ಇಳಿಯುತ್ತದೆ. ಕೂತಲ್ಲಿ ಕೂರಲಾಗದೆ, ಕಾಲು ಬದಲಿಸುತ್ತಾ, ಒಳಗಿನಿಂದ ಏನೋ ಹಿಂಡುತ್ತದೆ ಅಂದರೆ ಅಕತೀಸಿಯಾ. ಮೋಸ ಮಾಡುವುದು ಇದೇ. ಮನೆಯವರು ಅಲುಗಾಟ ಜಾಸ್ತಿಯಾಯಿತು ಅಂತ ಇನ್ನೊಂದು ಮಾತ್ರೆ ಕೊಡುತ್ತಾರೆ, ಚಡಪಡಿಕೆ ಇನ್ನೂ ಏರುತ್ತದೆ. ಆ ಸಂಕಟದಲ್ಲಿ ಸಾಯುವ ಯೋಚನೆ ಬರುವುದೂ ಉಂಟು. ಇವು ಯಾವುವೂ ಇಲ್ಲದೆ, ಹೊತ್ತಿನ ಲೆಕ್ಕವೂ ಇಲ್ಲದೆ, ದಿನವಿಡೀ ಯಾವುದೂ ಬೇಡವಾದರೆ ನನ್ನ ಹೆದರಿಕೆಯೇ ನಿಜ. ಎರಡು ಮೂರು ಒಟ್ಟಿಗೇ ಇರಬಹುದು. ಹಾಗಾಗಿ ಹೆಸರು ಹುಡುಕುತ್ತಾ ಕೂರಬೇಡ, ಕಂಡದ್ದನ್ನು ಗಂಟೆ ಸಮೇತ ಬರೆದು ಡಾಕ್ಟರಿಗೆ ಓದಿ ಹೇಳು.

ಇನ್ನೊಂದು ಮಾತು ಬರೆದಿದ್ದೀಯ. ಉಪನಯನದ ಮನೆಗೆ ಹೋಗುವ ದಿನ ಒಂದು ಮಾತ್ರೆ ಹೆಚ್ಚಿಗೆ ಕೊಟ್ಟೆವು, ಪಂಕ್ತಿಯಲ್ಲಿ ಚೆನ್ನಾಗಿ ಕೂತಿದ್ದರು ಅಂತ. ಜನರ ಕಣ್ಣಿನ ನೋವು ನನಗೆ ಅರ್ಥವಾಗುತ್ತದೆ. ಅಮ್ಮನನ್ನು ನಾವು ಯಾವ ಮದುವೆಗೂ ಕರೆದೊಯ್ಯಲಿಲ್ಲ, ಆ ತಪ್ಪು ನನ್ನದೂ ಹೌದು. ಆದರೂ ಹೀಗೆ ಕೊಡಬಾರದು ಪುಟ್ಟಿ. ಈ ಮಾತ್ರೆ ಕಾಯಿಲೆಯನ್ನು ವಾಸಿ ಮಾಡುವುದಿಲ್ಲ, ಮುಂದುವರಿಯುವುದನ್ನು ತಡೆಯುವುದೂ ಇಲ್ಲ. ತುತ್ತು ಬಾಯಿಗೆ ಸೇರಬೇಕು, ಅಂಗಿಯ ಗುಂಡಿ ಹಾಕಲಾಗಬೇಕು, ಬೀಳದೆ ನಡೆಯಬೇಕು, ಅಷ್ಟಾಗುವ ಡೋಸು ಸಾಕು. ಕೈ ಪೂರ್ತಿ ನಿಲ್ಲುವ ತನಕ ಏರಿಸುತ್ತಾ ಹೋದರೆ ಮನುಷ್ಯನೂ ನಿಂತುಹೋಗುತ್ತಾನೆ.

ಏರಿಸುವ ಕ್ರಮ ಹೀಗೆ: ಮೊದಲ ವಾರ ಬೆಳಿಗ್ಗೆ 12.5 ಮಿಲಿಗ್ರಾಂ, ಅಂದರೆ 25ರ ಮಾತ್ರೆಯಲ್ಲಿ ಅರ್ಧ. ಮುಂದಿನ ವಾರ ಅದೇ ಎರಡು ಹೊತ್ತು. ಆಮೇಲೆ ವಾರಕ್ಕೆ 12.5ರಂತೆ. ದಿನಕ್ಕೆ 37.5 ಮುಟ್ಟಿದ ಮೇಲೆ ಮೂರು ಹೊತ್ತಿಗೆ ಹಂಚಬೇಕು, ಒಂದು ಹೊತ್ತಿಗೆ 25 ದಾಟಬಾರದು. ನಡುವೆ ಮಂಪರು, ಚಡಪಡಿಕೆ, ಮಂಕು ಕಂಡರೆ ಏರಿಸುವುದು ಅಲ್ಲಿಗೇ ನಿಲ್ಲಬೇಕು. ಈಗ ಮೂರು ಮಾತ್ರೆ ಅಂದರೆ 75. 50 ದಾಟಿಸುವ ಮೊದಲು ಸಿವೈಪಿ2ಡಿ6 ಅನ್ನುವ ಕಿಣ್ವದ ಜೀನ್ ಪರೀಕ್ಷೆ ಮಾಡಿಸಬೇಕು ಅಂತ ಅಮೆರಿಕದ ಮಾಹಿತಿ ಹಾಳೆ ಹೇಳುತ್ತದೆ. ಈ ಔಷಧವನ್ನು ಕರಗಿಸಿ ಕಳಿಸುವ ಕಿಣ್ವ ಅದು, ಕೆಲವರಲ್ಲಿ ಹುಟ್ಟಿನಿಂದಲೇ ಮಂದ. ಅಂಥವರಿಗೆ ದಿನಕ್ಕೆ 50ರ ಮೇಲೆ ಹೋಗುವ ಹಾಗೇ ಇಲ್ಲ. ಅಣ್ಣನಿಗೆ ಆ ಪರೀಕ್ಷೆ ಆಗಿದೆಯಾ, 50ರಿಂದ 75ಕ್ಕೆ ಒಂದೇ ಸಲ ಹಾರಿಸಿದ್ದಾ ಅಂತ ಫೋನಿನಲ್ಲಿ ಕೇಳು. ಕೇಳಿದರೆ ಡಾಕ್ಟರು ಬೇಜಾರು ಮಾಡಿಕೊಳ್ಳುತ್ತಾರೆ ಅಂತ ಅಂಜಬೇಡ.

ಅದೇ ಕಿಣ್ವದಿಂದ ಇನ್ನೊಂದು ತೊಡಕಿದೆ. ಖಿನ್ನತೆಗೆ ಅಂತ ಬೇರೆ ಡಾಕ್ಟರ ಹತ್ತಿರ ಹೋದರೆ ಫ್ಲುವಾಕ್ಸೆಟಿನ್ ಅಥವಾ ಪೆರಾಕ್ಸೆಟಿನ್ ಬರೆಯಬಹುದು. ಇವೆರಡೂ ಆ ಕಿಣ್ವವನ್ನು ಕಟ್ಟಿಹಾಕುತ್ತವೆ. ಮೂರು ಮಾತ್ರೆ ನುಂಗಿದರೆ ರಕ್ತದಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚು ನಿಲ್ಲುತ್ತದೆ, ಕುಗ್ಗಿದ ಮನಸ್ಸಿಗೆ ಕೊಟ್ಟ ಮದ್ದು ಕುಗ್ಗಿಸಿದ ಮದ್ದನ್ನೇ ಬಲಪಡಿಸಿದ ಹಾಗಾಗುತ್ತದೆ. ಆಗ ಟೆಟ್ರಾಬೆನಜಿನ್ ಅರ್ಧಕ್ಕೆ ಇಳಿಯಬೇಕು. ಯಾವ ಡಾಕ್ಟರ ಮುಂದೆ ಕೂತರೂ ಎಲ್ಲಾ ಪಟ್ಟಿಗಳನ್ನು ಮೇಜಿನ ಮೇಲೆ ಇಡು, ಹೆಸರು ಬಾಯಿಯಲ್ಲಿ ಹೇಳಲು ಹೋಗಬೇಡ. ವಾಂತಿಗೆ ಅಂತ ಊರಿನ ಕ್ಲಿನಿಕ್ಕಿನಲ್ಲಿ ಮೆಟೊಕ್ಲೊಪ್ರಮೈಡ್ ಇಂಜೆಕ್ಷನ್ ಕೊಡುವುದುಂಟು. ಅದೂ ಡೋಪಮೈನನ್ನೇ ತಡೆಯುವುದು, ಬೇಡ ಅನ್ನು.

ನಾಟಿ ಮದ್ದಿನ ಬಗ್ಗೆ ಹೇಳಿದರೆ ನಿನ್ನ ಅಮ್ಮನಿಗೆ ನೋವಾದೀತು, ಆದರೂ ಹೇಳುತ್ತೇನೆ. ನಿದ್ದೆಗೆ, ಬಿಪಿಗೆ ಅಂತ ಸರ್ಪಗಂಧದ ಬೇರಿನ ಪುಡಿ ಅಥವಾ ಗುಳಿಗೆ ಮನೆಯಲ್ಲಿದ್ದರೆ ಅಣ್ಣನಿಗೆ ಕೊಡಲೇಬೇಡಿ. ಆ ಬೇರಿನಲ್ಲಿರುವ ರೆಸರ್ಪಿನ್ ಮಾಡುವುದೂ ಇದೇ ಕೆಲಸ, ಅದೇ ಚೀಲಗಳನ್ನು ಬರಿದು ಮಾಡುವುದು, ಮತ್ತೆ ಬಹಳ ದಿನ ಬಿಡುವುದೂ ಇಲ್ಲ. ಅದನ್ನು ನಿಲ್ಲಿಸಿ ಕನಿಷ್ಠ 20 ದಿನ ಕಳೆದ ಮೇಲೇ ಟೆಟ್ರಾಬೆನಜಿನ್ ಶುರು ಮಾಡಬೇಕು ಅನ್ನುವ ನಿಯಮ ಇದೆ. ಮೂರಕ್ಕೆ ಏರಿಸುವ ಮೊದಲು ಯಾರಾದರೂ ಕೊಟ್ಟಿದ್ದಾರಾ ಅಂತ ಮೆಲ್ಲಗೆ ವಿಚಾರಿಸು, ಜಗಳ ಬೇಡ. ನಸುಗುನ್ನಿ ಬೀಜದ ಪುಡಿಯೂ ಬೇಡ. ಅದರಲ್ಲಿ ಮೈಯೊಳಗೆ ಡೋಪಮೈನ್ ಆಗುವ ಲೆವೊಡೋಪಾ ಇದೆ, ಅಲುಗಾಟ ಹೆಚ್ಚಬಹುದು. ಕಾಮಾಲೆಯ ಲಕ್ಷಣ ಕಂಡರೂ ಕೂಡಲೇ ತಿಳಿಸಬೇಕು, ಲಿವರ್ ಕೆಟ್ಟವರಿಗೆ ಈ ಮಾತ್ರೆಯೇ ಕೂಡದು.

ಉಳಿದದ್ದು ನಿನಗೂ ತೋಚಿರಬಹುದು. ಒಂದು ಹೊತ್ತು ಮರೆತರೆ ಮುಂದಿನ ಹೊತ್ತಿಗೆ ಎರಡು ಕೊಡಬೇಡ. ಹೊಳೆ ಬಂದು ದಾರಿ ಕಟ್ಟಿ 5 ದಿನಕ್ಕಿಂತ ಹೆಚ್ಚು ಮಾತ್ರೆ ತಪ್ಪಿದರೆ ಹಳೆಯ ಡೋಸಿಗೇ ವಾಪಸ್ ಹೋಗಬಾರದು, ಡಾಕ್ಟರನ್ನು ಕೇಳಿ ಅರ್ಧ ಮಾತ್ರೆಯಿಂದ ಮತ್ತೆ ಶುರು. ಅದಕ್ಕೇ ಮಳೆಗಾಲದಲ್ಲಿ 15 ದಿನದ್ದು ಮುಂಚೆಯೇ ತಂದಿಡು. ಪಟ್ಟಿಯಿಂದ ಬಿಡಿಸಿ ಡಬ್ಬಿಗೆ ಹಾಕಿಡಬೇಡ, ನಮ್ಮ ಥಂಡಿಗೆ ಮೆತ್ತಗಾಗುತ್ತದೆ. ಅರ್ಧ ಮಾಡಿದ್ದನ್ನು ಅಂದೇ ಮುಗಿಸು. ನುಂಗಿಸುವಾಗ ನೆಟ್ಟಗೆ ಕೂರಿಸಿ, ಗದ್ದ ತುಸು ತಗ್ಗಿಸಲಿ. ಗಂಟಲು ಹಿಡಿದು ಕೆಮ್ಮು ಬರುವುದು ಹೆಚ್ಚಾದರೆ ಅದನ್ನೂ ಬರೆ, ಅನ್ನ ಶ್ವಾಸನಾಳಕ್ಕೆ ಇಳಿದರೆ ನ್ಯುಮೋನಿಯಾ ಆಗುತ್ತದೆ. ಎದ್ದ ಕೂಡಲೇ ಬಿಪಿ ಇಳಿದು ತಲೆ ತಿರುಗಬಹುದು. ಮಂಚದ ತುದಿಯಲ್ಲಿ ಎರಡು ನಿಮಿಷ ಕೂತು ಏಳಲಿ, ಅಂಗಳದ ಹಾವಸೆಯ ಮೇಲೆ ಒಬ್ಬನೇ ಬೇಡ. ಜ್ವರ ಬಂದು ಮೈ ಮರದ ಹಾಗೆ ಬಿಗಿದು, ಬೆವರಿ, ಮಾತು ತಡಬಡಿಸಿದರೆ ಮಳೆಗಾಲದ ಜ್ವರ ಅಂತ ಮಲಗಿಸಬೇಡ. 108ಕ್ಕೆ ಫೋನ್ ಮಾಡು, ಪಟ್ಟಿಗಳನ್ನು ಜೊತೆಗೆ ಒಯ್ಯಿ.

ಇಷ್ಟೆಲ್ಲಾ ಬರೆದರೂ ನನ್ನ ಕಣ್ಣ ಮುಂದೆ ಇರುವುದು ಆ ಜಗಲಿಯೇ. ಬೆಳಿಗ್ಗೆ ಮಾತ್ರೆ ಕೊಡುವ ಮೊದಲು ಅವನ ಪಕ್ಕ ಎಲೆ ತಟ್ಟೆ ಇಟ್ಟು ನೋಡು. ಕೈ ಹಾಕುತ್ತಾನಾ, ಸುಣ್ಣ ಹಚ್ಚಲು ಹೋಗಿ ಕೈ ನಡುಗಿ ಬಿಟ್ಟನಾ, ಅಥವಾ ತಟ್ಟೆಯನ್ನು ನೋಡಲೇ ಇಲ್ಲವಾ, ನೋಡಿಕೋ. ಡಾಕ್ಟರ ಜೊತೆ ಮಾತಾದ ಮೇಲೆ ನನಗೆ ಕಾಗದ ಬೇಡ, ಫೋನೇ ಮಾಡು, ಎಷ್ಟು ಹೊತ್ತಾದರೂ ಎತ್ತುತ್ತೇನೆ. ಅಡಿಕೆ ತೂಗುವ ತಕ್ಕಡಿಯಲ್ಲಿ ಅಣ್ಣನ ತೂಕವನ್ನೂ ನೋಡಿ ಹೇಳು, ಈ ಕಾಯಿಲೆಯಲ್ಲಿ ಮೈ ಬೇಗ ಇಳಿಯುತ್ತದೆ.

ಇಂತಿ ನಿನ್ನ
ಅತ್ತೆ