ಗೆದ್ದಲು: ಡ್ರಿಲ್ ಮಾಡಿಸುವ ಮುಂಚೆ ಓದಿ

ಬಡಾವಣೆಯ ಎಲ್ಲರಿಗೂ ನಮಸ್ಕಾರ. ಬಳ್ಳಾರಿ ಬಿಸಿಲಿಗೆ ಹೊರಗಿನ ಮಣ್ಣು ಒಣಗಿದಾಗ ಗೆದ್ದಲು ಬಚ್ಚಲು, ಸೋರುವ ಪೈಪಿನ ತೇವ ಹುಡುಕಿಕೊಂಡು ಮನೆಯೊಳಗೆ ಬರುತ್ತೆ. ಬಾಗಿಲ ಚೌಕಟ್ಟನ್ನು ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ ನೋಡಿ. ಟೊಳ್ಳು ಸದ್ದು ಬಂದರೆ ಒಳಗೆ ತಿಂದು ಹಾಕಿದೆ, ಬಣ್ಣದ ಪದರ ಮಾತ್ರ ನಿಂತಿದೆ.

ಗೋಡೆ ಮೇಲಿನ ಮಣ್ಣಿನ ಗೆರೆ ಕೆರೆದು ಜಿರಳೆ ಸ್ಪ್ರೇ ಹೊಡೆಯಬೇಡಿ, ದಯವಿಟ್ಟು. ಗೂಡು ನೆಲದಡಿ ಇರುತ್ತೆ. ಇನ್ನೊಂದು ಬಿರುಕಿನಿಂದ ಮತ್ತೆ ಬರುತ್ತವೆ, ಕೆಲಸದವರಿಗೆ ದಾರಿಯ ಗುರುತೂ ಸಿಗಲ್ಲ.

ನೆಲದಡಿಯ ಮಣ್ಣಿಗೆ ಔಷಧಿ ಇಳಿಸೋಕೆ ನೆಲ, ಗೋಡೆ ಸೇರುವ ಕಡೆ 30 ಸೆಂ.ಮೀ.ಗೊಂದರಂತೆ 12 ಮಿ.ಮೀ. ಅಗಲದ ತೂತು ಡ್ರಿಲ್ ಮಾಡಿಸಿ. ಔಷಧಿ ಇಮಿಡಾಕ್ಲೋಪ್ರಿಡ್ 30.5 ಎಸ್‌ಸಿ (ನೀರಿಗೆ ಬೆರೆಸುವ ದ್ರವ ಕೀಟನಾಶಕ) ಆದರೆ ಲೀಟರ್ ನೀರಿಗೆ 2.1 ಮಿ.ಲೀ., ಅಂದರೆ 10 ಲೀಟರ್ ಬಕೆಟ್‌ಗೆ 21 ಮಿ.ಲೀ. ಮಣ್ಣು ಹೀರುವಷ್ಟು ಬಿಡಬೇಕು, ತೂತಿಗೆ ಹೆಚ್ಚೆಂದರೆ 1 ಲೀಟರ್. ಆಮೇಲೆ ಸಿಮೆಂಟ್ ತುಂಬಿಸಿ. ಅವಸರದಲ್ಲಿ ತೂತುಗಳನ್ನು ದೂರ ದೂರ ಹಾಕಿದರೆ ನಡುವೆ ಔಷಧಿ ತಾಗದ ಮಣ್ಣು ಉಳಿಯುತ್ತೆ, ಗೆದ್ದಲು ಅಲ್ಲೇ ನುಗ್ಗುತ್ತೆ. ಕೆಲಸ ಕೆಡೋದು ಬಹುಪಾಲು ಇಲ್ಲೇ. ಬಾಟಲಿಯ ಸೀಲ್ ನಿಮ್ಮೆದುರೇ ಒಡೆಯಲಿ, ಅಳತೆ ನೀವೇ ನೋಡಿ.

ಸಂಪು, ಬೋರ್‌ವೆಲ್, ವೈರಿಂಗ್, ಪೈಪ್ ಎಲ್ಲಿವೆ ಅಂತ ಮೊದಲೇ ತೋರಿಸಿ. ನೆಲ ಒಣಗುವ ತನಕ ಮಕ್ಕಳು, ಸಾಕುಪ್ರಾಣಿಗಳು ಹೊರಗಿರಲಿ. ಈ ಔಷಧಿ ನಿಧಾನವಾಗಿ ಕೆಲಸ ಮಾಡುತ್ತೆ, ಮರುದಿನವೂ ಹುಳು ಕಂಡರೆ ಗಾಬರಿ ಬೇಡ. ಸೋರುವ ನಲ್ಲಿ ಮಾತ್ರ ಮೊದಲು ರಿಪೇರಿ ಮಾಡಿಸಿ. ಗೆದ್ದಲು ಔಷಧಿ ಹಾಕುವ ಕಂಪನಿಯವರ ಹತ್ತಿರ ಕೃಷಿ ಇಲಾಖೆಯ ಪರವಾನಗಿ ಕೇಳಿ ನೋಡಿ, ವಾರಂಟಿ ಬರೆಸಿಕೊಳ್ಳಿ.