ಪಾಲಕರ ಸಭೆಯನ್ನು ಸಂಜೆಗೆ ಕರೆಯಿರಿ

ಮಾನ್ಯ ಸಂಪಾದಕರೇ,

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮರುದಿನ ಪತ್ರಿಕೆಯಲ್ಲಿನ ಜಿಲ್ಲಾವಾರು ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಓದುವುದು ನಮ್ಮ ಭಾಗದವರಿಗೆ ರೂಢಿಯೇ ಆಗಿಹೋಗಿದೆ. 2024ರಲ್ಲಿ ಶೇ 50.59ರೊಂದಿಗೆ ಯಾದಗಿರಿ ಕೊನೆಯಲ್ಲಿತ್ತು; 2025ರಲ್ಲಿ ಶೇ 42.43ರೊಂದಿಗೆ ಆ ಜಾಗಕ್ಕೆ ನಮ್ಮ ಕಲಬುರಗಿ ಬಂತು. ಆಮೇಲೆ ನಡೆಯುವುದೂ ಗೊತ್ತಿದ್ದದ್ದೇ. ಶಿಕ್ಷಕರ ಹುದ್ದೆಗಳು ಖಾಲಿ ಇವೆ ಎಂದು ಒಬ್ಬರು, ಇರುವ ಶಿಕ್ಷಕರೇ ಸರಿಯಿಲ್ಲ ಎಂದು ಇನ್ನೊಬ್ಬರು, ಅಭಿವೃದ್ಧಿ ಮಂಡಳಿಯ ಹಣವೆಲ್ಲ ಎಲ್ಲಿ ಹೋಯಿತು ಎಂದು ಮತ್ತೊಬ್ಬರು ಕೇಳುತ್ತಾರೆ. ಅಷ್ಟರಲ್ಲಿ ಮಿರಗದ ಮಳೆ ಬಿದ್ದು ಊರೆಲ್ಲ ತೊಗರಿ ಬಿತ್ತನೆಯ ಗಡಿಬಿಡಿಗೆ ಬೀಳುತ್ತದೆ.

ಈ ಪ್ರಶ್ನೆಗಳು ತಪ್ಪು ಎಂದು ನಾನು ಹೇಳುತ್ತಿಲ್ಲ. ಆದರೆ ಇಷ್ಟೆಲ್ಲ ಮಾತಿನ ನಡುವೆ ಮಗುವಿನ ತಂದೆ ತಾಯಿಯ ಪ್ರಸ್ತಾಪ ಬರುವುದು ಒಂದೇ ಒಂದು ವಾಕ್ಯದಲ್ಲಿ: ‘ಪಾಲಕರು ಅನಕ್ಷರಸ್ಥರು, ಅವರಿಂದ ಏನಾಗುತ್ತದೆ?’ ಮೊದಲು ಶಹಾಪುರ, ಆಮೇಲೆ ಚಿತ್ತಾಪುರ ತಾಲ್ಲೂಕಿನ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ 32 ವರ್ಷ ಪಾಠ ಮಾಡಿ ನಿವೃತ್ತನಾದ ನಾನೂ ಈ ವಾಕ್ಯವನ್ನು ಎಷ್ಟೋ ವರದಿಗಳಲ್ಲಿ ಬರೆದು ಕೈತೊಳೆದುಕೊಂಡಿದ್ದೇನೆ. ಅದು ಸರಿಯಲ್ಲ ಎಂದು ನನಗೆ ತೋರಿಸಿಕೊಟ್ಟವಳು ಒಬ್ಬ ಕೂಲಿಕಾರ ತಾಯಿ.

ಆಗ ಯಾದಗಿರಿ ಇನ್ನೂ ಪ್ರತ್ಯೇಕ ಜಿಲ್ಲೆಯಾಗಿರಲಿಲ್ಲ. ನಮ್ಮ ಶಾಲೆಯ ನಾಲ್ಕನೆಯ ಇಯತ್ತೆಯಲ್ಲಿ ಒಬ್ಬ ಹುಡುಗಿ ಎಲ್ಲರಿಗಿಂತ ಚೆನ್ನಾಗಿ, ಅರ್ಥ ಬಿಡಿಸಿ ಓದುತ್ತಿದ್ದಳು. ಮನೆಯಲ್ಲಿ ಯಾರೋ ಕಲಿತವರು ಇರಬೇಕೆಂದೇ ನಾನು ತಿಳಿದಿದ್ದೆ. 2001ರ ಜನಗಣತಿಯ ಕೆಲಸಕ್ಕೆ ಹೋದಾಗ ಒಂದು ಸಂಜೆ ಅವರ ಮನೆಗೆ ಸರದಿ ಬಂತು. ತಾಯಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಮಗಳು ಪರಾತದ ಆಚೆ ಬದಿಗೆ ಕುಳಿತು ಚಿಮಣಿಯ ಬೆಳಕಿನಲ್ಲಿ ಕನ್ನಡ ಪಾಠವನ್ನು ಗಟ್ಟಿಯಾಗಿ ಓದುತ್ತಿದ್ದಳು. ಕಷ್ಟದ ಒಂದು ಶಬ್ದ ಬಂದಾಗ ಹುಡುಗಿ ಅದನ್ನು ನುಂಗಿಕೊಂಡು ಮುಂದಕ್ಕೆ ಹೋದಳು. ತಾಯಿ ಕೈ ನಿಲ್ಲಿಸದೆ, ಹಂಚಿನ ಮೇಲಿನ ರೊಟ್ಟಿಗೆ ನೀರು ಸವರುತ್ತಲೇ ಹೇಳಿದಳು: ‘ಅಲ್ಲೇನೋ ಬಿಟ್ಟಿ ನೋಡವ್ವಾ, ಮಾತು ಕೂಡಲಿಲ್ಲ.’ ನಿಮಗೆ ಹೇಗೆ ತಿಳಿಯಿತು ಎಂದು ನಾನು ಕೇಳಿದಾಗ ಆಕೆ ನಕ್ಕಳು: ‘ಓದ್ಲಾಕ ಬರಲ್ರಿ ಮಾಸ್ತರೆ, ಕೇಳ್ಲಾಕ ಬರ್ತದಲ್ರಿ.’ ನಾನು ನಮೂನೆಯಲ್ಲಿ ಆಕೆಯ ಹೆಸರಿನ ಮುಂದೆ ಅನಕ್ಷರಸ್ಥೆ ಎಂದು ಬರೆದುಕೊಂಡೇ ಬಂದೆ.

ಆ ಮನೆಯಲ್ಲಿ ನಡೆಯುತ್ತಿದ್ದುದನ್ನು ಮಾಡಲು ಅಕ್ಷರ ಬೇಕಿಲ್ಲ, ದುಡ್ಡೂ ಬೇಕಿಲ್ಲ. ದಿನವೂ ಒಂದೇ ಹೊತ್ತು, ಒಂದೇ ಜಾಗ, ಮಗುವಿನ ಓದಿಗೆ ಕಿವಿಗೊಡುವ ಒಬ್ಬ ದೊಡ್ಡವರು, ಇಷ್ಟಿದ್ದರೆ ಸಾಕು. ಗಟ್ಟಿಯಾಗಿ ಓದುವ ಮಗು ತಾನು ಓದಿದ್ದನ್ನು ತಾನೇ ಕೇಳಿಸಿಕೊಳ್ಳುತ್ತದೆ, ತಪ್ಪಿದಾಗ ನಿಲ್ಲುತ್ತದೆ, ‘ಮುಂದ ಏನಾತು?’ ಎಂದು ಕೇಳುವವರಿದ್ದರೆ ಕತೆಯನ್ನು ತನ್ನ ಮಾತಿನಲ್ಲಿ ಹೇಳಲು ಕಲಿಯುತ್ತದೆ. ಹತ್ತನೆಯ ಇಯತ್ತೆಯಲ್ಲಿ ಸಮಾಜ ವಿಜ್ಞಾನದ ಪ್ರಶ್ನೆಗೆ ನಾಲ್ಕು ಸಾಲು ಸ್ವಂತವಾಗಿ ಬರೆಯಲಾರದ ಹುಡುಗನ ತೊಂದರೆ ಹತ್ತನೆಯ ಇಯತ್ತೆಯಲ್ಲಿ ಹುಟ್ಟಿದ್ದಲ್ಲ. ಅದು ಮೂರನೆಯದರಲ್ಲೋ ನಾಲ್ಕನೆಯದರಲ್ಲೋ, ಯಾರೂ ಅವನ ಓದನ್ನು ಕೇಳದೆ ಹೋದ ದಿನಗಳಲ್ಲಿ ಹುಟ್ಟಿದ್ದು. ಆದ್ದರಿಂದ ಪರೀಕ್ಷೆಗೆ ಮೂರು ತಿಂಗಳಿರುವಾಗ ನಡೆಸುವ ವಿಶೇಷ ತರಗತಿಗಳ ಮೇಲೆ ನನಗೆ ಅಷ್ಟು ಭರವಸೆ ಇಲ್ಲ.

ಇನ್ನು ನನ್ನದೇ ಮನೆಯ ಮಾತು. ಊರ ಮಕ್ಕಳಿಗೆ ತಾಳ್ಮೆಯಿಂದ ಲೆಕ್ಕ ಹೇಳಿಕೊಡುತ್ತಿದ್ದ ನಾನು ಸ್ವಂತ ಮಗನ ಮುಂದೆ ಕುಳಿತರೆ ಹತ್ತು ನಿಮಿಷಕ್ಕೆ ಸಿಟ್ಟಿಗೇಳುತ್ತಿದ್ದೆ. ಮಾಸ್ತರರ ಮಗನಿಗೆ ಭಾಗಾಕಾರ ಬರುವುದಿಲ್ಲವೆಂದರೆ ನಾಲ್ಕು ಮಂದಿ ಏನೆಂದಾರು ಎಂಬುದೇ ನನ್ನ ಚಿಂತೆ. ಕಿವಿ ಹಿಂಡಿದೆ, ಒಮ್ಮೆ ಪಟ್ಟಿಯಿಂದಲೂ ಹೊಡೆದೆ. ಆ ವರ್ಷ ಅರ್ಧವಾರ್ಷಿಕ ಪರೀಕ್ಷೆಯ ಅಂಕಪಟ್ಟಿ ಮನೆಗೆ ಬರಲೇ ಇಲ್ಲ. ತಿಂಗಳೊಪ್ಪತ್ತು ಕಳೆದ ಮೇಲೆ ಹೆಂಡತಿ ತೊಗರಿಬೇಳೆಯ ಡಬ್ಬಿಯನ್ನು ಬಿಸಿಲಿಗೆ ಹರವಲು ಬರಿದು ಮಾಡಿದಾಗ ಅದು ತಳದಲ್ಲಿ ಮಡಚಿಟ್ಟಿದ್ದು ಸಿಕ್ಕಿತು. ಗಣಿತದಲ್ಲಿ ನೂರಕ್ಕೆ ಹನ್ನೊಂದು. ಹೊಡೆತದಿಂದ ಅವನು ಭಾಗಾಕಾರ ಕಲಿತಿರಲಿಲ್ಲ, ಬಚ್ಚಿಡುವುದನ್ನು ಕಲಿತಿದ್ದ. ಹೊಡೆಯುವ ಮನೆಯ ಮಕ್ಕಳು ‘ತಿಳಿಯಲಿಲ್ಲ’ ಎಂಬ ಮಾತನ್ನು ಆಡುವುದೇ ಇಲ್ಲ. ಆ ಮಾತು ಬಾಯಿಂದ ಬರದಿದ್ದರೆ ಕಲಿಸುವವರು ಎಲ್ಲಿಂದ ಶುರು ಮಾಡಬೇಕು? ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ಶಾಲೆಯಲ್ಲಿ ಮಕ್ಕಳಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಆದರೂ ‘ಹೊಡ್ದು ಬಡ್ದು ಕಲಸ್ರಿ ಸರ್, ನಾವೇನೂ ಅನ್ನಲ್ಲ’ ಎಂದು ಪಾಲಕರೇ ಶಿಕ್ಷಕರಿಗೆ ಹೇಳುವ ಪದ್ಧತಿ ನಮ್ಮಲ್ಲಿ ಇನ್ನೂ ನಿಂತಿಲ್ಲ. ಪ್ರೀತಿಯಿಂದಲೇ ಹಾಗೆ ಹೇಳುತ್ತಾರೆ ಎಂಬುದು ನನಗೆ ಗೊತ್ತು. ಬಿಗಿ ಬೇಡವೆಂದಲ್ಲ, ಟಿ.ವಿ. ಎಷ್ಟು ಹೊತ್ತಿಗೆ ಬಂದ್ ಆಗಬೇಕು, ಆಟದಿಂದ ಎಷ್ಟು ಹೊತ್ತಿಗೆ ಮನೆ ಸೇರಬೇಕು ಎಂಬ ಕಟ್ಟಳೆ ಇರಲಿ, ಅದು ದಿನಕ್ಕೊಂದು ಬಗೆ ಆಗದಿರಲಿ, ಅದನ್ನು ದೊಡ್ಡವರೂ ಪಾಲಿಸಲಿ.

ಹೊಟ್ಟೆಯ ವಿಷಯಕ್ಕೆ ಬಂದರೆ, ನಮ್ಮ ಭಾಗಕ್ಕೆ ಸರ್ಕಾರ ಏನೂ ಮಾಡಿಲ್ಲ ಎನ್ನಲಾಗದು. ಅಕ್ಷರ ದಾಸೋಹದ ಬಿಸಿಯೂಟ 2002ರಲ್ಲಿ ಮೊದಲು ಆರಂಭವಾದದ್ದೇ ಕಲಬುರಗಿ, ಬೀದರ್ ಸೇರಿದಂತೆ ಉತ್ತರದ ಏಳು ಜಿಲ್ಲೆಗಳಲ್ಲಿ. 2013ರಿಂದ ಹಾಲು, 2021ರ ಡಿಸೆಂಬರಿನಿಂದ ಮೊಟ್ಟೆ ಬಂದವು. ಆದರೆ ಊಟದ ಗಂಟೆ ಬಾರಿಸುವುದು ಮಧ್ಯಾಹ್ನ. ತಾಯಿ ಬೆಳಗಿನ ಏಳಕ್ಕೇ ಕೂಲಿಗೆ ಹೋದ ಮನೆಯಲ್ಲಿ ಮಗು ಒಂದು ಕಪ್ಪು ಚಹಾದಲ್ಲಿ ಟೋಸ್ಟು ಅದ್ದಿಕೊಂಡು ತಿಂದು ಶಾಲೆಗೆ ಬರುತ್ತದೆ. ಮೊದಲ ಎರಡು ಪಿರಿಯಡ್‌ಗಳಲ್ಲಿ, ಅಂದರೆ ಸಾಮಾನ್ಯವಾಗಿ ಗಣಿತ ಮತ್ತು ಭಾಷೆಯ ಹೊತ್ತಿನಲ್ಲಿ, ಅದರ ಗಮನವೆಲ್ಲ ಅಡುಗೆ ಕೋಣೆಯ ಕಡೆಗೆ ಇರುತ್ತದೆ. ನಿನ್ನೆಯ ರೊಟ್ಟಿ, ಶೇಂಗಾ ಹಿಂಡಿ, ಒಂದಿಷ್ಟು ಮೊಸರು ಮುಚ್ಚಿಟ್ಟು ಹೋದರೂ ಆ ಚಹಾಕ್ಕಿಂತ ನೂರು ಪಾಲು ಮೇಲು. ನಮ್ಮ ಮನೆಗಳಲ್ಲಿ ಇವಕ್ಕೆ ಬರವಿಲ್ಲ. ಇವು ಬಡವರ ತಿಂಡಿ, ಟೋಸ್ಟು ದೊಡ್ಡವರ ತಿಂಡಿ ಎಂಬ ಹೊಸ ಭ್ರಮೆ ಮಾತ್ರ ಹೆಚ್ಚಾಗಿದೆ. ನಿದ್ದೆಯೂ ಹಾಗೆಯೇ. ಆರರಿಂದ ಹನ್ನೆರಡು ವಯಸ್ಸಿನ ಮಕ್ಕಳಿಗೆ 9ರಿಂದ 12 ಗಂಟೆ, ಹದಿಹರೆಯದವರಿಗೆ 8ರಿಂದ 10 ಗಂಟೆ ನಿದ್ದೆ ಬೇಕೆಂದು ವೈದ್ಯರು ಹೇಳುತ್ತಾರೆ. ಹನ್ನೊಂದರವರೆಗೆ ಧಾರಾವಾಹಿ, ಆಮೇಲೆ ಹಾಸಿಗೆಯಲ್ಲಿ ಮೊಬೈಲಿನ ರೀಲ್ಸು ಎಂದಾದರೆ ಈ ಲೆಕ್ಕ ಎಲ್ಲಿ ಕೂಡುತ್ತದೆ?

ಯಾದಗಿರಿಯ ಕಡೆ ಹತ್ತಿ ಬಿಡಿಸುವ ದಿನಗಳಲ್ಲಿ, ಕಲಬುರಗಿಯ ಕಡೆ ತೊಗರಿಯ ಸುಗ್ಗಿಯಲ್ಲಿ ಹಾಜರಿ ಪುಸ್ತಕ ನೋಡಿದವರಿಗೆ ಇನ್ನೊಂದು ಸಂಗತಿ ತಿಳಿದಿರುತ್ತದೆ. ಸಾಲು ಸಾಲು ಗೈರುಹಾಜರಿ. ಮನೆಯ ಕೆಲಸದಲ್ಲಿ ಮಕ್ಕಳು ಕೈಜೋಡಿಸುವುದಕ್ಕೆ ನನ್ನ ವಿರೋಧವಿಲ್ಲ; ಶಾಲೆ ಬಿಟ್ಟ ಮೇಲೆ ಮತ್ತು ರಜೆಯಲ್ಲಿ ಕುಟುಂಬಕ್ಕೆ ನೆರವಾಗಲು 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯ್ದೆಯೂ ಅವಕಾಶ ಕೊಡುತ್ತದೆ. ಆದರೆ ಶಾಲೆ ಬಿಡಿಸಿ ಕರೆದೊಯ್ದರೆ ಆಗುವ ನಷ್ಟದ ಲೆಕ್ಕವನ್ನು ಯಾರೂ ಪಾಲಕರಿಗೆ ಬಿಡಿಸಿ ಹೇಳಿಲ್ಲ. ಗಣಿತ ಮೆಟ್ಟಿಲಿದ್ದ ಹಾಗೆ. ಐದು ವಾರ ತಪ್ಪಿಸಿಕೊಂಡ ಮಗು ಆ ಐದು ವಾರದ ಪಾಠವನ್ನಷ್ಟೇ ಕಳೆದುಕೊಳ್ಳುವುದಿಲ್ಲ, ಭಿನ್ನರಾಶಿ ಗೊತ್ತಿಲ್ಲದೆ ಮುಂದಿನ ವರ್ಷದ ದಶಮಾಂಶಕ್ಕೂ ಶೇಕಡಾವಾರಿಗೂ ಕುರುಡಾಗುತ್ತದೆ. ಇದನ್ನು ನಾನೊಮ್ಮೆ ಬಿತ್ತನೆಯ ಮಾತಿನಲ್ಲಿ ಹೇಳಿದೆ: ಸಾಲು ಹಿಡಿದು ಬಿತ್ತುವಾಗ ಕೂರಿಗೆಯ ಒಂದು ತಾಳು ಕಟ್ಟಿಕೊಂಡು ಬೀಜ ಬೀಳದಿದ್ದರೆ ಏನಾಗುತ್ತದೆ ಎಂದು ಕೇಳಿದೆ. ಮುಂದೆ ಕುಳಿತಿದ್ದ ರೈತರೊಬ್ಬರು ಕೂಡಲೇ ‘ಆ ಸಾಲು ಸುಗ್ಗಿತನ ಖಾಲೀನೇ ಇರ್ತದ’ ಎಂದರು. ಅವರ ಮಗ ಮರುದಿನದಿಂದ ಬಂದ.

ಸಂತೆಯಲ್ಲಿ ತಾಯಿಯ ಜೊತೆ ಪುಂಡಿಪಲ್ಯ, ಮೆಂತ್ಯಪಲ್ಯ ಮಾರಲು ಕೂರುತ್ತಿದ್ದ ಇನ್ನೊಬ್ಬ ಹುಡುಗ ಗಿರಾಕಿ ಕೊಟ್ಟ ನೂರರ ನೋಟಿಗೆ ಚಿಲ್ಲರೆಯನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಎಣಿಸಿ ಕೊಡುತ್ತಿದ್ದ; ಅದೇ ಕಳೆಯುವ ಲೆಕ್ಕ ಪಾಟಿಯ ಮೇಲೆ ಬಂದರೆ ಬೆವರುತ್ತಿದ್ದ. ಅವನಿಗೆ ಲೆಕ್ಕ ಬರುತ್ತದೆ ಎಂಬುದನ್ನು ಅವನ ತಾಯಿ ನನಗೆ ಹೇಳಿದ್ದರೆ, ಅಥವಾ ನಾನು ಕೇಳಿದ್ದರೆ, ಎರಡು ವರ್ಷ ಉಳಿಯುತ್ತಿತ್ತು. ಮನೆಯಲ್ಲಿ ಲಂಬಾಣಿಯನ್ನೋ ದಖ್ಖನಿ ಉರ್ದುವನ್ನೋ ತೆಲುಗನ್ನೋ ಆಡುವ ಮಕ್ಕಳ ವಿಷಯದಲ್ಲೂ ಇಂಥದೇ ತಪ್ಪು ನಡೆಯುತ್ತದೆ. ಇಂಗ್ಲಿಷ್ ಮಾಧ್ಯಮಕ್ಕೆ ಹಾಕಿದ ಕೂಡಲೇ ಮನೆಮಾತನ್ನು ಬಿಟ್ಟು, ತಮಗೇ ಸರಿಯಾಗಿ ಬಾರದ ಭಾಷೆಯಲ್ಲಿ ನಾಲ್ಕು ಆಜ್ಞೆಗಳನ್ನಷ್ಟೇ ಆಡುವ ತಂದೆ ತಾಯಿಗಳನ್ನು ನಾನು ನಗರದಲ್ಲಿ ದಿನವೂ ನೋಡುತ್ತೇನೆ. ಮುತ್ಯಾ ಹೇಳುವ ಕತೆ, ಆಯಿ ಹಾಕುವ ಒಗಟು, ಹೊಲಕ್ಕೆ ಹೋಗುವಾಗಿನ ಹರಟೆ, ಇವುಗಳಿಂದ ಮಗುವಿಗೆ ಸಿಗುವ ಶಬ್ದಸಂಪತ್ತು ಯಾವ ಭಾಷೆಯದಾದರೂ ಓದಿಗೆ ಅದೇ ಬುನಾದಿ.

ಮುಂಬೈ, ಪುಣೆ, ಹೈದರಾಬಾದುಗಳಿಗೆ ಗುಳೆ ಹೋದವರ ಮಕ್ಕಳು ಮುತ್ಯಾ, ಆಯಿಯ ಹತ್ತಿರ ಉಳಿಯುತ್ತಾರೆ. ಅಲ್ಲಿಂದ ರಾತ್ರಿ ಬರುವ ಫೋನಿನಲ್ಲಿ ‘ಉಂಡ್ಯಾ? ಮಲಗು’ ಎಂಬಲ್ಲಿಗೆ ಮಾತು ಮುಗಿಯದೆ ‘ಇವತ್ತ ಯಾವುದು ತಿಳೀಲಿಲ್ಲ?’ ಎಂಬ ಒಂದು ಪ್ರಶ್ನೆ ಸೇರಿದರೂ ತಂದೆ ದೂರದಿಂದಲೇ ಶಾಲೆಯ ಮಗ್ಗುಲಿಗೆ ಬಂದಂತಾಗುತ್ತದೆ.

ಈಗ ನನ್ನ ಮುಖ್ಯ ಬೇಡಿಕೆ. ಇದನ್ನೆಲ್ಲ ಪಾಲಕರಿಗೆ ಯಾರು, ಯಾವಾಗ ಹೇಳಬೇಕು? ಶಿಕ್ಷಣ ಹಕ್ಕು ಕಾಯ್ದೆಯ 24ನೇ ಕಲಮು ಪಾಲಕರ ಸಭೆಗಳನ್ನು ನಿಯಮಿತವಾಗಿ ನಡೆಸಿ, ಮಗುವಿನ ಹಾಜರಿ, ಕಲಿಯುವ ಸಾಮರ್ಥ್ಯ, ಪ್ರಗತಿ ಇವುಗಳನ್ನು ತಿಳಿಸುವುದನ್ನು ಶಿಕ್ಷಕರ ಕರ್ತವ್ಯವೆಂದೇ ಹೇಳಿದೆ. ಸಭೆಗಳೇನೋ ನಡೆಯುತ್ತವೆ, ಆದರೆ ನಾನು ಕಂಡ ಬಹುತೇಕ ಸಭೆಗಳು ಕೆಲಸದ ದಿನ ಬೆಳಿಗ್ಗೆ ಹನ್ನೊಂದಕ್ಕೆ. 2025–26ನೇ ಸಾಲಿಗೆ ನಮ್ಮ ರಾಜ್ಯದಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ 370 ರೂಪಾಯಿ ಎಂದು ನಿಗದಿಯಾಗಿತ್ತು. ಆ ಹೊತ್ತಿಗೆ ಸಭೆಗೆ ಬಾ ಎಂದರೆ ಆ ತಾಯಿಗೆ 370 ರೂಪಾಯಿ ದಂಡ ಹಾಕಿದಂತೆ. ಬಾರದಿದ್ದರೆ ‘ಪಾಲಕರಿಗೆ ಆಸಕ್ತಿ ಇಲ್ಲ’ ಎಂದು ನಡಾವಳಿ ಪುಸ್ತಕದಲ್ಲಿ ಬರೆಯುತ್ತೇವೆ. ಬಂದವರಿಗಾದರೂ ಏನು ಹೇಳುತ್ತೇವೆ? ಕಾಂಪೌಂಡ್ ಗೋಡೆ, ಶೌಚಾಲಯ, ನೀರಿನ ಟಾಕಿ, ಸಮವಸ್ತ್ರದ ಬಟ್ಟೆ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿ ಮುಕ್ಕಾಲು ಪಾಲು ಪಾಲಕರೇ ಇದ್ದರೂ, ಅವರಲ್ಲಿ ಒಬ್ಬರಾದರೂ ತಮ್ಮ ಮಗುವಿಗೆ ಓದಲು ಬರುತ್ತದೋ ಇಲ್ಲವೋ ಎಂದು ಕೇಳಿದ ಸಭೆ ನನ್ನ ನೆನಪಿನಲ್ಲಿ ಎರಡೋ ಮೂರೋ ಇರಬಹುದು. ಇದರಲ್ಲಿ ನನ್ನ ಪಾಲಿನ ತಪ್ಪೂ ಇದೆ.

ಆದ್ದರಿಂದ ಕಲಬುರಗಿ ವಿಭಾಗದ ಶಿಕ್ಷಣ ಇಲಾಖೆಯ ಅಧಿಕಾರಿಗಳಲ್ಲಿ ನನ್ನ ವಿನಂತಿ ಇಷ್ಟು. ತಿಂಗಳಿಗೊಮ್ಮೆ ಪಾಲಕರ ಸಭೆಯನ್ನು ಸಂಜೆ ಏಳಕ್ಕೆ, ಹೊಲದಿಂದ ಬಂದು ಕೈಕಾಲು ತೊಳೆದುಕೊಂಡ ಮೇಲೆ, ಓಣಿಗೊಂದರಂತೆ ಗುಡಿಯ ಕಟ್ಟೆ, ಸಮುದಾಯ ಭವನ, ತಾಂಡಾದ ಅಂಗಳ ಎಲ್ಲಿ ಜನ ಕೂಡುತ್ತಾರೋ ಅಲ್ಲಿಯೇ ಕರೆಯಲಿ. ಭಾಷಣ ಬೇಡ. ಒಂದು ಮಗು ಎಲ್ಲರ ಮುಂದೆ ಒಂದು ಪುಟ ಓದಲಿ, ಹೇಗೆ ಕೇಳಬೇಕು, ಎಲ್ಲಿ ‘ಮುಂದ ಏನಾತು’ ಎನ್ನಬೇಕು ಎಂಬುದನ್ನು ಶಿಕ್ಷಕರು ತೋರಿಸಲಿ. ಆ ಮಗುವಿನ ತಾಯಿ ಅದನ್ನು ಅಲ್ಲೇ ಮಾಡಿ ನೋಡಲಿ. ಮನೆಯಲ್ಲಿ ಪುಸ್ತಕವಿಲ್ಲದವರಿಗೆ ಗ್ರಾಮ ಪಂಚಾಯಿತಿ ಗ್ರಂಥಾಲಯವಿದೆ. 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಡಿ 6ರಿಂದ 18 ವರ್ಷದ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಉಚಿತ, ಇದು ಎಷ್ಟೋ ಪಾಲಕರಿಗೆ ಗೊತ್ತೇ ಇಲ್ಲ. ಸಂಜೆಯ ಈ ಹೊತ್ತಿಗೆ ಶಿಕ್ಷಕರಿಗೆ ಬದಲಿ ರಜೆ ಅಥವಾ ಪ್ರಯಾಣ ಭತ್ಯೆ ಕೊಡುವುದು ನ್ಯಾಯ. ಕಲಬುರಗಿಯಿಂದ ಬಸ್ಸಿನಲ್ಲಿ ಓಡಾಡುವ ಶಿಕ್ಷಕಿಯನ್ನು ರಾತ್ರಿ ಎಂಟೂವರೆಗೆ ಹಳ್ಳಿಯ ಸ್ಟ್ಯಾಂಡಿನಲ್ಲಿ ನಿಲ್ಲಿಸುವುದು ಸರಿಯಲ್ಲವಾದ್ದರಿಂದ ಊರಿನಲ್ಲೇ ಇರುವ ನಿವೃತ್ತ ಶಿಕ್ಷಕರನ್ನು ಈ ಕೆಲಸಕ್ಕೆ ಬಳಸಿಕೊಳ್ಳಬಹುದು. ಚಿತ್ತಾಪುರ ತಾಲ್ಲೂಕಿನ ಯಾವುದೇ ಹಳ್ಳಿಯಿಂದ ಕರೆ ಬಂದರೂ ಸಂಬಳವಿಲ್ಲದೆ ಬರಲು ನಾನು ಸಿದ್ಧನಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕ, ಕಲಬುರಗಿ